ಹೊಸ ವ್ಯವಸ್ಥೆಯನ್ನು ಹೂಡುವ ಮುನ್ನ

೨೦೨೪ನೆಯ ಇಸವಿಯ ಜೂನ್ ೩೦ನೆಯ ತಾರೀಖಿನಂದು, ಹತ್ತು ವರ್ಷಗಳ ಕಾಲ ಲೋಕದ ಅಸಂಖ್ಯ ಸರ್ವರ್ ಯಂತ್ರಗಳನ್ನು ನಡೆಸಿಕೊಂಡು ಬಂದಿದ್ದ ‘ಸೆಂಟ್‌ಓಎಸ್ ೭’ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಅವಧಿ ಮುಗಿಯಿತು. ಆ ರಾತ್ರಿ ಯಾವ ಯಂತ್ರವೂ ಸ್ತಬ್ಧವಾಗಲಿಲ್ಲ. ಮರುದಿನ ಬೆಳಗ್ಗೆ ಅವೆಲ್ಲವೂ ಎಂದಿನಂತೆಯೇ ತಮ್ಮ ಕೆಲಸವನ್ನು ಮಾಡಿದುವು. ಆದರೆ ಅಂದಿನಿಂದಾಚೆಗೆ ಆ ವ್ಯವಸ್ಥೆಯಲ್ಲಿ ಬೆಳಕಿಗೆ ಬರತಕ್ಕ ಭದ್ರತಾ ದೋಷಗಳನ್ನು ತಿದ್ದಿ ಕಳುಹಿಸುವ ಕಾರ್ಯವನ್ನು ಅದರ ನಿರ್ಮಾತೃಗಳು ನಿಲ್ಲಿಸಿದ್ದರಿಂದ, ಹೊಸದಾಗಿ ಒಂದು ಕಳ್ಳದಾರಿ ಕಂಡುಬಂದಲ್ಲಿ ಅದನ್ನು ಮುಚ್ಚುವ ಹೊಣೆ ಅವರ ಮೇಲೆ ಉಳಿಯಲಿಲ್ಲ.

ಇದು ಕಂಪ್ಯೂಟರ್ ಬಲ್ಲವರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಸಾಮಾನ್ಯ ವಾಚಕರು ಭಾವಿಸಬಾರದು. ಸಹಕಾರಿ ಬ್ಯಾಂಕಿನ ಖಾತೆದಾರನ ಶಿಲ್ಕು, ಆಸ್ಪತ್ರೆಯ ರಕ್ತಪರೀಕ್ಷೆಯ ವರದಿ, ಕಾಲೇಜಿನ ಅಂಕಪಟ್ಟಿ, ನಮ್ಮ ರಾಜ್ಯದ ‘ಭೂಮಿ’ ಯೋಜನೆಯ ತರುವಾಯ ರೈತನ ಪಹಣಿ ಸಹ, ಇಂದು ಎಲ್ಲಿಯೋ ಒಂದು ಕೊಠಡಿಯಲ್ಲಿ ಹಗಲಿರುಳೂ ಎಚ್ಚರವಾಗಿರುವ ಇಂಥ ಯಂತ್ರಗಳಲ್ಲಿಯೇ ಇರುತ್ತವೆ. ಆ ಯಂತ್ರದ ಮೇಲಿನ ವ್ಯವಸ್ಥೆ ಹಳತಾದರೆ ಅದನ್ನು ತೆಗೆದು ಹೊಸದನ್ನು ಹೂಡಲೇಬೇಕು. ಹೂಡುವವನ ಕೈಯಲ್ಲಿ, ಆ ಒಂದೆರಡು ದಿನಗಳ ಮಟ್ಟಿಗೆ, ತಾನು ಮುಖ ಕಂಡರಿಯದ ಸಾವಿರಾರು ಜನರ ಲೆಕ್ಕಪತ್ರಗಳು ಇರುತ್ತವೆ.

ಹೊಸ ವ್ಯವಸ್ಥೆಗೇನೂ ಕೊರತೆಯಿಲ್ಲ. ಸೆಂಟ್‌ಓಎಸ್‌ನ ಸ್ಥಾನವನ್ನು ತುಂಬಬೇಕೆಂದೇ ೨೦೨೧ರಲ್ಲಿ ಹುಟ್ಟಿದ ‘ಆಲ್ಮಾ ಲಿನಕ್ಸ್’ ಮತ್ತು ‘ರಾಕಿ ಲಿನಕ್ಸ್’ ಎರಡೂ ಉಚಿತವಾಗಿ ದೊರೆಯುತ್ತವೆ. ಸೆಂಟ್‌ಓಎಸ್‌ನ ಹಾಗೆಯೇ ಇವೂ ರೆಡ್ ಹ್ಯಾಟ್ ಸಂಸ್ಥೆಯ ಎಂಟರ್‌ಪ್ರೈಸ್ ಲಿನಕ್ಸನ್ನು ಅನುಸರಿಸಿಯೇ ನಡೆಯತಕ್ಕವಾದ್ದರಿಂದ ಹಳೆಯದನ್ನು ಬಲ್ಲವರಿಗೆ ಇವು ಅಪರಿಚಿತವೂ ಅಲ್ಲ. ಸುಸ್ಥಿತಿಯಲ್ಲಿರುವ ಯಂತ್ರದ ಮೇಲೆ ಇವನ್ನು ಇನ್‌ಸ್ಟಾಲ್ ಮಾಡುವುದು ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಈ ಸೌಲಭ್ಯವೇ ಅನೇಕರನ್ನು ದಾರಿತಪ್ಪಿಸುತ್ತದೆಂದು ನನ್ನ ಅಭಿಪ್ರಾಯ. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ವಾರಗಟ್ಟಲೆಯ ಸಿದ್ಧತೆ ಏತಕ್ಕೆಂದು ಕೇಳುವವರು, ಆ ಅರ್ಧ ಗಂಟೆಯ ಕೆಲಸವು ಯಂತ್ರವು ನಿರ್ದೋಷವಾಗಿದೆಯೆಂಬ ಭರವಸೆಯ ಮೇಲೆ ನಿಂತಿದೆಯೆಂಬುದನ್ನು ಮರೆಯುತ್ತಾರೆ. ವ್ಯವಸ್ಥೆಯು ಯಂತ್ರವನ್ನು ನಂಬಿ ಬರುತ್ತದೆ. ಆ ನಂಬಿಕೆಗೆ ಯಂತ್ರವು ಅರ್ಹವೇ ಎಂಬುದನ್ನು ಪರೀಕ್ಷಿಸಿ ತಿಳಿಯುವ ಭಾರ ನಮ್ಮದು.

ಮೊದಲನೆಯ ಪ್ರಶ್ನೆ ಪ್ರೊಸೆಸರಿನದು. ಇಂದಿನ ಬಹುತೇಕ ಸರ್ವರುಗಳ ಪ್ರೊಸೆಸರುಗಳು ೨೦೦೩ರಲ್ಲಿ ಎಎಂಡಿ ಸಂಸ್ಥೆಯು ಮಾರುಕಟ್ಟೆಗೆ ತಂದ ೬೪ ಬಿಟ್ಟುಗಳ ವಿನ್ಯಾಸಕ್ಕೆ ಸೇರಿದವು; ಒಂದೇ ಕುಲದವಾದರೂ ಕಾಲಾನುಕ್ರಮದಲ್ಲಿ ಅವಕ್ಕೆ ಹೊಸ ಹೊಸ ಆಜ್ಞೆಗಳು ಸೇರುತ್ತ ಬಂದುದರಿಂದ, ೨೦೨೦ರಲ್ಲಿ ಪ್ರೊಸೆಸರ್ ಮತ್ತು ಲಿನಕ್ಸ್ ನಿರ್ಮಾಪಕರು ಕೂಡಿ ಅವನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ೨೦೨೨ರಲ್ಲಿ ಹೊರಬಂದ ರೆಡ್ ಹ್ಯಾಟ್‌ನ ಒಂಬತ್ತನೆಯ ಆವೃತ್ತಿಗೆ ಎರಡನೆಯ ಮಟ್ಟದ ಪ್ರೊಸೆಸರ್ ಬೇಕು. ಇಂಟೆಲ್‌ನ ಮಟ್ಟಿಗೆ ೨೦೦೮ರ ‘ನೆಹಾಲೆಮ್’ ಪೀಳಿಗೆಯಿಂದ ಮುಂದಿನವೆಲ್ಲ ಇದಕ್ಕೆ ಸಲ್ಲುತ್ತವೆ. ೨೦೨೫ರ ಮೇ ತಿಂಗಳಲ್ಲಿ ಬಂದ ಹತ್ತನೆಯ ಆವೃತ್ತಿಯಾದರೋ ಮೂರನೆಯ ಮಟ್ಟವನ್ನು ಅಪೇಕ್ಷಿಸುತ್ತದೆ. ಎಂದರೆ ‘ಎವಿಎಕ್ಸ್ ೨’ ಮೊದಲಾದ ಆಜ್ಞೆಗಳನ್ನು ಅರಿತ, ೨೦೧೩ರ ‘ಹ್ಯಾಸ್‌ವೆಲ್’ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಅದಕ್ಕೆ ಅವಶ್ಯ.

ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಎಷ್ಟೋ ಕಚೇರಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಇಂಟೆಲ್ ‘ಜಿಯಾನ್ ಇ೫-೨೬೦೦’ ಶ್ರೇಣಿಯ ಪ್ರೊಸೆಸರುಗಳಿಗೆ ಹೆಸರು ಒಂದೇ ಆಗಿದ್ದು, ಕೊನೆಯಲ್ಲಿ ‘ವಿ೨’ ಅಥವಾ ‘ವಿ೩’ ಎಂಬ ಸಣ್ಣದೊಂದು ಗುರುತು ಮಾತ್ರ ಭಿನ್ನವಾಗಿರುತ್ತದೆ. ‘ವಿ೨’ ಎಂಬುದು ಹ್ಯಾಸ್‌ವೆಲ್‌ಗೆ ಹಿಂದಿನ ಪೀಳಿಗೆ. ‘ವಿ೩’ ಎಂಬುದು ಹ್ಯಾಸ್‌ವೆಲ್. ಡೆಲ್ ಸಂಸ್ಥೆಯ ‘ಆರ್ ೭೨೦’ ಸರ್ವರಿನಲ್ಲಿರುವುದು ಮೊದಲನೆಯದು, ನೋಟಕ್ಕೆ ಅದರ ತಮ್ಮನಂತೆಯೇ ಇರುವ ‘ಆರ್ ೭೩೦’ರಲ್ಲಿರುವುದು ಎರಡನೆಯದು. ಒಂದೇ ಕಪಾಟಿನಲ್ಲಿ ಮೇಲೆ ಕೆಳಗೆ ಕೂತ ಈ ಎರಡು ಯಂತ್ರಗಳ ಪೈಕಿ ಒಂದು ಹತ್ತನೆಯ ಆವೃತ್ತಿಯನ್ನು ಸ್ವೀಕರಿಸುತ್ತದೆ, ಇನ್ನೊಂದು ಆರಂಭದಲ್ಲಿಯೇ ದೋಷ ಹೇಳಿ ನಿಂತುಬಿಡುತ್ತದೆ. ಆದುದರಿಂದ ಯಂತ್ರವನ್ನು ಕೊಂಡಾಗಿನ ರಸೀತಿಯನ್ನೋ ಕಪಾಟಿನ ಮೇಲಿನ ಚೀಟಿಯನ್ನೋ ನಂಬದೆ, ಹಳೆಯ ವ್ಯವಸ್ಥೆ ಇನ್ನೂ ಓಡುತ್ತಿರುವಾಗಲೇ ಪ್ರೊಸೆಸರಿನ ಗುಣಲಕ್ಷಣಗಳ ಪಟ್ಟಿಯನ್ನು ಅದರಿಂದಲೇ ಕೇಳಿ ಪಡೆದು ಬರೆದಿಟ್ಟುಕೊಳ್ಳತಕ್ಕದ್ದು. ಆಲ್ಮಾ ಲಿನಕ್ಸಿನವರು ತಮ್ಮ ಹತ್ತನೆಯ ಆವೃತ್ತಿಯನ್ನು ಎರಡನೆಯ ಮಟ್ಟದ ಪ್ರೊಸೆಸರುಗಳಿಗಾಗಿಯೂ ಬೇರೆಯಾಗಿ ನಿರ್ಮಿಸಿ ಕೊಡುತ್ತಿದ್ದಾರೆ. ಹೊಸ ಯಂತ್ರ ಕೊಳ್ಳಲು ಹಣವಿಲ್ಲದ ಸಂಸ್ಥೆಗಳ ಪಾಲಿಗೆ ಇದು ದೊಡ್ಡ ಉಪಕಾರ.

ಪ್ರೊಸೆಸರಿಗಿಂತಲೂ ಹೆಚ್ಚು ಜನರನ್ನು ಎಡವಿಸಿರುವುದು ಡಿಸ್ಕುಗಳನ್ನು ನಿಯಂತ್ರಿಸುವ ಕಾರ್ಡು. ಸರ್ವರಿನಲ್ಲಿ ಡಿಸ್ಕುಗಳು ಸಾಮಾನ್ಯವಾಗಿ ನೇರವಾಗಿ ಮದರ್‌ಬೋರ್ಡಿಗೆ ಸೇರಿರುವುದಿಲ್ಲ. ನಡುವೆ ರೇಡ್ ಕಂಟ್ರೋಲರ್ ಎಂಬ ಪ್ರತ್ಯೇಕ ಕಾರ್ಡೊಂದು ಇದ್ದು, ಅದರೊಡನೆ ವ್ಯವಹರಿಸಲು ವ್ಯವಸ್ಥೆಗೆ ಡ್ರೈವರ್ ಬೇಕಾಗುತ್ತದೆ. ಸೆಂಟ್‌ಓಎಸ್ ೭ ಬಲ್ಲುದಾಗಿದ್ದ ಅನೇಕ ಹಳೆಯ ಕಾರ್ಡುಗಳ ಹೆಸರನ್ನು ರೆಡ್ ಹ್ಯಾಟ್ ತನ್ನ ಎಂಟನೆಯ ಆವೃತ್ತಿಯಲ್ಲಿಯೇ ಪಟ್ಟಿಯಿಂದ ತೆಗೆದುಹಾಕಿತು. ಡೆಲ್‌ನ ‘ಎಚ್ ೭೦೦’, ‘ಎಚ್ ೩೧೦’, ಎಚ್‌ಪಿಯ ‘ಪಿ ೪೧೦’ ಎಂಬ, ಒಂದು ಕಾಲಕ್ಕೆ ಮನೆಮಾತಾಗಿದ್ದ ಕಾರ್ಡುಗಳೆಲ್ಲ ಹೀಗೆ ತೆಗೆದುಹಾಕಿದವುಗಳಲ್ಲಿ ಸೇರಿದವು. ಇದರ ಪರಿಣಾಮ ವಿಚಿತ್ರವಾದುದು: ಇನ್‌ಸ್ಟಾಲರ್ ಎಂದಿನಂತೆ ತೆರೆದುಕೊಳ್ಳುತ್ತದೆ, ಭಾಷೆ ಯಾವುದೆಂದು ಕೇಳುತ್ತದೆ, ಕೀಲಿಮಣೆ ಯಾವುದೆಂದು ಕೇಳುತ್ತದೆ; ಎಲ್ಲಿ ಹೂಡಬೇಕೆಂದು ಕೇಳುವ ಪುಟಕ್ಕೆ ಬಂದಾಗ ಅಲ್ಲಿ ಒಂದು ಡಿಸ್ಕೂ ಇರುವುದಿಲ್ಲ. ಡಿಸ್ಕು ಕೆಟ್ಟಿತೆಂದು ಭ್ರಮಿಸಿ, ಚೆನ್ನಾಗಿರುವ ಡಿಸ್ಕುಗಳನ್ನು ಹೊರಗೆಳೆದು ಮತ್ತೆ ಮತ್ತೆ ಸಿಕ್ಕಿಸಿ, ಕೊನೆಗೆ ಕಂಟ್ರೋಲರಿನ ವಿನ್ಯಾಸವನ್ನೇ ಅಳಿಸಿ ಹೊಸದಾಗಿ ರಚಿಸಲು ಹೊರಡುವವರುಂಟು. ದತ್ತಾಂಶ ನಾಶವಾಗುವುದು ಬಹುವಾಗಿ ಇಂಥ ಘಳಿಗೆಯಲ್ಲಿ.

ಇದಕ್ಕೆ ಮಾರ್ಗ ಮೂರು. ಸ್ವಯಂಸೇವಕರು ನಡೆಸುವ ‘ಎಲ್‌ರೆಪೋ’ ಎಂಬ ಭಂಡಾರದಿಂದ ಆ ಕಾರ್ಡಿಗೆ ತಕ್ಕ ಡ್ರೈವರ್ ಡಿಸ್ಕನ್ನು ಪಡೆದು ಇನ್‌ಸ್ಟಾಲರಿಗೆ ಆರಂಭದಲ್ಲಿಯೇ ಒಪ್ಪಿಸುವುದು ಒಂದು. ೨೦೨೪ರ ಮೇ ತಿಂಗಳಲ್ಲಿ ಆಲ್ಮಾ ಲಿನಕ್ಸಿನವರು ತಮ್ಮ ೯.೪ನೆಯ ಆವೃತ್ತಿಯಲ್ಲಿ ಇಂಥ ಅನೇಕ ಹಳೆಯ ಕಾರ್ಡುಗಳಿಗೆ ಮರಳಿ ಸ್ಥಾನ ಕೊಟ್ಟರು. ಅದನ್ನೇ ಆರಿಸಿಕೊಳ್ಳುವುದು ಎರಡನೆಯದು. ಕಾರ್ಡನ್ನೇ ಬದಲಿಸುವುದು ಮೂರನೆಯದು. ಯಂತ್ರವನ್ನು ಇನ್ನೂ ಮೂರು ನಾಲ್ಕು ವರ್ಷ ದುಡಿಸಬೇಕೆಂಬ ಸಂಕಲ್ಪವಿದ್ದರೆ ನಾನು ಇದನ್ನೇ ಸೂಚಿಸುವೆನು. ಏಕೆಂದರೆ ಹೊರಗಿನ ಡ್ರೈವರನ್ನು ನಂಬಿದ ಯಂತ್ರವು ವ್ಯವಸ್ಥೆಯ ತಿರುಳಾದ ಕರ್ನಲ್ ಪರಿಷ್ಕಾರವಾದಾಗಲೆಲ್ಲ ಮರಳಿ ಏಳುವುದೋ ಇಲ್ಲವೋ ಎಂಬ ಆತಂಕವನ್ನು ಅದರ ಪಾಲಕನಿಗೆ ಉಳಿಸುತ್ತದೆ. ಸೆಕ್ಯೂರ್ ಬೂಟ್ ಎಂಬ ರಕ್ಷಣೆಯನ್ನು ಜಾರಿಯಲ್ಲಿಟ್ಟ ಯಂತ್ರದಲ್ಲಿಯಾದರೋ ಆ ಭಂಡಾರದವರ ಸಹಿಯ ಕೀಲಿಯನ್ನು ಮೊದಲೇ ನೋಂದಾಯಿಸದಿದ್ದರೆ ಡ್ರೈವರಿಗೆ ಪ್ರವೇಶವೇ ದೊರೆಯದು.

ಬ್ಯಾಕಪ್ಪಿನ ವಿಷಯವನ್ನು ಎಲ್ಲರೂ ಬಲ್ಲರು, ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕಾದುದು ಒಂದೇ. ತೆಗೆದಿಟ್ಟ ಪ್ರತಿಯನ್ನು ಬೇರೊಂದು ಯಂತ್ರದ ಮೇಲೆ ಪೂರ್ತಿಯಾಗಿ ಇಳಿಸಿ, ಡೇಟಾಬೇಸನ್ನು ನಡೆಸಿ, ನಿನ್ನೆಯ ಕೊನೆಯ ನಮೂದು ಅಲ್ಲಿದೆಯೇ ಎಂದು ಕಣ್ಣಾರೆ ಕಾಣುವವರೆಗೆ ಅದನ್ನು ಬ್ಯಾಕಪ್ ಎಂದು ಕರೆಯುವುದಕ್ಕೆ ನಾನು ಒಪ್ಪಲಾರೆ.

ಇನ್ನು ಮೆಮೊರಿ. ೧೯೪೦ರ ದಶಕದ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞ, ವಾರಾಂತ್ಯದಲ್ಲಿ ಯಂತ್ರಕ್ಕೆ ಲೆಕ್ಕಗಳನ್ನು ಒಪ್ಪಿಸಿ ಹೋಗಿ, ಸೋಮವಾರ ಬಂದು ನೋಡಿದರೆ, ಯಂತ್ರವು ನಡುವೆ ದೋಷವೊಂದನ್ನು ಕಂಡು ಆ ಲೆಕ್ಕವನ್ನು ಕೈಬಿಟ್ಟಿರುವುದನ್ನು ಕಾಣುತ್ತಿದ್ದ. ದೋಷವಿದೆಯೆಂದು ಗುರುತಿಸಬಲ್ಲ ಯಂತ್ರವು ಅದು ಇರುವ ಸ್ಥಾನವನ್ನೂ ಗುರುತಿಸಿ ತಾನೇ ಏಕೆ ತಿದ್ದಿಕೊಳ್ಳಬಾರದೆಂಬ ಜಿಜ್ಞಾಸೆಯಿಂದ ಆತ ೧೯೫೦ರಲ್ಲಿ ಪ್ರಕಟಿಸಿದ ಪ್ರಬಂಧವೇ ಇಂದು ಸರ್ವರುಗಳಲ್ಲಿ ಬಳಕೆಯಲ್ಲಿರುವ ಇಸಿಸಿ ಮೆಮೊರಿಗೆ ಮೂಲ. ೬೪ ಬಿಟ್ಟುಗಳ ಪ್ರತಿಯೊಂದು ಗುಂಪಿನ ಜೊತೆಗೆ ೮ ಬಿಟ್ಟುಗಳನ್ನು ಅಧಿಕವಾಗಿ ಇರಿಸಿ, ಒಂದು ಬಿಟ್ ಮಗುಚಿದರೆ ತಿದ್ದುವ, ಎರಡು ಮಗುಚಿದರೆ ಕನಿಷ್ಠಪಕ್ಷ ಕೂಗಿ ಹೇಳುವ ವಿದ್ಯೆ ಅದು. ಅರ್ಧ ಶತಮಾನಕ್ಕೂ ಮೀರಿ ಹಳತಾದ ಈ ವಿಚಾರವು ಇಂದಿಗೂ ಪ್ರತಿ ಕ್ಷಣವೂ ನಮ್ಮ ಖಾತೆಗಳನ್ನು ಕಾಯುತ್ತಿದೆಯೆಂಬುದನ್ನು ನೆನೆದಾಗ ನನಗೆ ಗೌರವ ಉಕ್ಕುತ್ತದೆ.

ಆದರೆ ಇಸಿಸಿಗೆ ಒಂದು ಮಿತಿ ಉಂಟು: ತಿದ್ದಿದ ದೋಷವನ್ನು ಅದು ಮೌನವಾಗಿ ತಿದ್ದುತ್ತದೆ, ಆದುದರಿಂದ ಹದಗೆಡುತ್ತಿರುವ ಮೆಮೊರಿ ಕಾರ್ಡು ತಿಂಗಳುಗಟ್ಟಲೆ ಯಾರಿಗೂ ಕಾಣಿಸದೆ ಉಳಿಯಬಲ್ಲುದು. ಬಿಯಾಂಕಾ ಶ್ರೋಡರ್ ಮತ್ತು ಸಂಗಡಿಗರು ಗೂಗಲ್ ಸಂಸ್ಥೆಯ ಸರ್ವರುಗಳನ್ನು ಎರಡೂವರೆ ವರ್ಷಗಳ ಕಾಲ ಅಭ್ಯಸಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಯಂತ್ರಗಳು ಕನಿಷ್ಠ ಒಂದಾದರೂ ತಿದ್ದಬಹುದಾದ ಮೆಮೊರಿ ದೋಷವನ್ನು ಕಂಡಿದ್ದುವು. ಇಂಥ ದೋಷ ಕಂಡ ಕಾರ್ಡಿನಲ್ಲಿ ಮುಂದೆ ತಿದ್ದಲಾಗದ ದೋಷ ಬರುವ ಸಂಭವವೂ ಬಹಳ ಹೆಚ್ಚಿತ್ತು. ಯಂತ್ರವು ತನ್ನ ದಿನಚರಿಯಲ್ಲಿ ಈ ತಿದ್ದುಪಡಿಗಳನ್ನು ನಮೂದಿಸಿರುತ್ತದೆ; ಓದುವವರು ಮಾತ್ರ ವಿರಳ. ಹೊಸ ವ್ಯವಸ್ಥೆಗೆ ಸಿದ್ಧಪಡಿಸುವವನು ಆ ದಿನಚರಿಯನ್ನು ಆದ್ಯಂತವಾಗಿ ಓದಬೇಕು. ದೋಷ ನಮೂದಾದ ಕಾರ್ಡಿನ ಸ್ಥಾನವನ್ನು ಗುರುತಿಸಿ ಅದನ್ನು ಬದಲಾಯಿಸಬೇಕು. ಅನಂತರ ‘ಮೆಮ್‌ಟೆಸ್ಟ್ ೮೬ ಪ್ಲಸ್’ನಂಥ ಪರೀಕ್ಷಕವನ್ನು ಒಂದು ಇಡೀ ರಾತ್ರಿ ಓಡಿಸಬೇಕು. ನೂರಾರು ಗಿಗಾಬೈಟ್ ಮೆಮೊರಿಯುಳ್ಳ ಯಂತ್ರದಲ್ಲಿ ಈ ಪರೀಕ್ಷೆಯ ಒಂದು ಸುತ್ತಿಗೇ ಅನೇಕ ಗಂಟೆಗಳು ಹಿಡಿಯುತ್ತವೆಂಬುದು ನಿಜ. ಆದರೆ ಇನ್‌ಸ್ಟಾಲರ್ ಸಾವಿರಾರು ಕಡತಗಳನ್ನು ಬಿಚ್ಚಿ ಡಿಸ್ಕಿಗೆ ಬರೆಯುವುದು ಈ ಮೆಮೊರಿಯ ಮೂಲಕವೇ ಆದ್ದರಿಂದ, ಇಲ್ಲಿ ಮಗುಚಿದ ಬಿಟ್ ಅಲ್ಲಿ ಶಾಶ್ವತವಾಗಿ ನೆಲೆಸುತ್ತದೆ. ಆರು ತಿಂಗಳ ಮೇಲೆ, ಯಾರಿಗೂ ಕಾರಣ ತಿಳಿಯದ ಹಾಗೆ, ಯಾವುದೋ ಒಂದು ಪ್ರೋಗ್ರಾಂ ಕುಸಿಯುತ್ತದೆ.

ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ‘ಸ್ಮಾರ್ಟ್’ ಎಂದು ಹೆಸರಾದ ಆ ದಾಖಲೆಯಲ್ಲಿ ಹತ್ತಾರು ಅಂಕಿಗಳಿದ್ದರೂ ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಮುಖ್ಯವಾಗಿ ನೋಡತಕ್ಕವು ಮೂರು ನಾಲ್ಕು: ಕೆಟ್ಟು ಸ್ಥಳಾಂತರಗೊಂಡ ವಲಯಗಳ ಸಂಖ್ಯೆ, ಸ್ಥಳಾಂತರಕ್ಕೆ ಕಾದಿರುವ ವಲಯಗಳ ಸಂಖ್ಯೆ, ಓದಲಾಗದೆ ಹೋದವುಗಳ ಸಂಖ್ಯೆ, ಮತ್ತು ಡಿಸ್ಕು ಈವರೆಗೆ ಓಡಿದ ಗಂಟೆಗಳು. ಮೊದಲ ಮೂರರಲ್ಲಿ ಯಾವುದಾದರೊಂದು ಸೊನ್ನೆಯಿಂದ ಮೇಲೆದ್ದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನ ಮೇಲೆ ಹೊಸ ವ್ಯವಸ್ಥೆಯನ್ನು ಹೂಡುವುದು ಅವಿವೇಕ. ನಾಲ್ಕನೆಯದನ್ನು ಏಕೆ ನೋಡಬೇಕೆಂಬುದಕ್ಕೆ ೨೦೧೯ರ ನವೆಂಬರಿನ ಒಂದು ಪ್ರಕಟಣೆಯೇ ಸಾಕ್ಷಿ. ಎಚ್‌ಪಿಇ ಸಂಸ್ಥೆಯು ತಾನು ಮಾರಿದ ಕೆಲವು ಎಸ್‌ಎಸ್‌ಡಿಗಳು, ಡಿಸ್ಕನ್ನು ಒಳಗಿನಿಂದ ನಡೆಸುವ ಫರ್ಮ್‌ವೇರಿನಲ್ಲಿದ್ದ ದೋಷದ ದೆಸೆಯಿಂದ, ಸರಿಯಾಗಿ ೩೨,೭೬೮ ಗಂಟೆಗಳು ಓಡಿದ ಕೂಡಲೇ ಸಾಯುವುವೆಂದೂ, ಸತ್ತ ಮೇಲೆ ಡಿಸ್ಕನ್ನಾಗಲಿ ಅದರೊಳಗಿನ ದತ್ತಾಂಶವನ್ನಾಗಲಿ ಮರಳಿ ಪಡೆಯಲಾಗದೆಂದೂ ತಿಳಿಸಿತು. ಎರಡರ ಹದಿನೈದನೆಯ ಘಾತವಾದ ಈ ಸಂಖ್ಯೆಯು ಕಾಲಮಾನದಲ್ಲಿ ಮೂರು ವರ್ಷ ೨೭೦ ದಿನ ೮ ಗಂಟೆ. ಮರುವರ್ಷದ ಮಾರ್ಚಿಯಲ್ಲಿ, ಬೇರೆ ಕೆಲವು ಡಿಸ್ಕುಗಳು ೪೦,೦೦೦ ಗಂಟೆಗಳಿಗೆ ಇದೇ ಗತಿಗೆ ಬರುವುವೆಂಬ ಇನ್ನೊಂದು ಪ್ರಕಟಣೆ ಹೊರಟಿತು.

ಈ ವೃತ್ತಾಂತದಲ್ಲಿ ರೇಡ್ ಪದ್ಧತಿಯನ್ನು ನೆಚ್ಚಿದವರು ಗಮನಿಸಬೇಕಾದ ಅಂಶವೊಂದಿದೆ. ೧೯೮೮ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿದ್ವಾಂಸರು, ಅಗ್ಗದ ಅನೇಕ ಡಿಸ್ಕುಗಳನ್ನು ಕೂಡಿಸಿ, ಒಂದು ಕೆಟ್ಟರೂ ಉಳಿದವುಗಳಿಂದ ದತ್ತಾಂಶವನ್ನು ಪುನಃ ರಚಿಸಬಹುದೆಂದು ತೋರಿಸಿಕೊಟ್ಟ ವಿಧಾನ ಅದು. ಡಿಸ್ಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆ ಬೇರೆ ಕಾಲಕ್ಕೆ ಕೆಡುತ್ತವೆಂಬ ಊಹೆಯ ಮೇಲೆ ಅದರ ರಕ್ಷಣೆಯೆಲ್ಲ ನಿಂತಿದೆ. ಒಂದೇ ದಿನ ಕೊಂಡು, ಒಂದೇ ಘಳಿಗೆಯಲ್ಲಿ ಚಾಲೂ ಮಾಡಿದ ನಾಲ್ಕು ಡಿಸ್ಕುಗಳು ಗಂಟೆಯ ಲೆಕ್ಕಕ್ಕೆ ಸಾಯುವಂಥವಾದರೆ ನಾಲ್ಕೂ ಒಟ್ಟಿಗೇ ಹೋಗುತ್ತವೆ. ಫರ್ಮ್‌ವೇರ್ ಪರಿಷ್ಕರಿಸಿದವರ ಡಿಸ್ಕುಗಳು ಉಳಿದುವು; ಆ ಕೆಲಸಕ್ಕೆ ಬೇಕಾಗಿದ್ದುದು ಕೆಲವೇ ನಿಮಿಷಗಳು.

ರೇಡ್ ಕಂಟ್ರೋಲರಿನೊಳಗಿನ ಬ್ಯಾಟರಿಯನ್ನು ಬಹಳ ಜನ ಮರೆಯುತ್ತಾರೆ. ಅಂಗಡಿಯ ವರ್ತಕನು ವ್ಯಾಪಾರದ ಗದ್ದಲದಲ್ಲಿ ಚಿಟ್ಟಾ ಪುಸ್ತಕದಲ್ಲಿ ಗೀಚಿಕೊಂಡು, ಬಿಡುವಾದಾಗ ಖಿರ್ದಿಗೆ ಏರಿಸುವಂತೆ, ಕಂಟ್ರೋಲರ್ ಬಂದ ದತ್ತಾಂಶವನ್ನು ಮೊದಲು ತನ್ನ ಮೆಮೊರಿಯಲ್ಲಿ ಬರೆದುಕೊಂಡು ಅನಂತರ ಡಿಸ್ಕಿಗೆ ಇಳಿಸುತ್ತದೆ; ನಡುವೆ ವಿದ್ಯುತ್ತು ಹೋದರೆ ಆ ಮೆಮೊರಿಯನ್ನು ಬದುಕಿಸಿಡುವುದಕ್ಕೆ ಬ್ಯಾಟರಿ. ಕೆಲವು ವರ್ಷಗಳಲ್ಲಿ ಈ ಬ್ಯಾಟರಿಯ ಸತ್ತ್ವ ಕುಂದುತ್ತದೆ. ಕುಂದಿದ್ದನ್ನು ಕಂಡ ಕಂಟ್ರೋಲರ್ ಸಾಮಾನ್ಯವಾಗಿ ತನ್ನ ಮೆಮೊರಿಯ ಸಹಾಯವನ್ನು ಬಿಟ್ಟು ಪ್ರತಿಯೊಂದನ್ನೂ ನೇರವಾಗಿ ಡಿಸ್ಕಿಗೆ ಬರೆಯತೊಡಗುತ್ತದೆ, ಬರವಣಿಗೆಯ ವೇಗ ಥಟ್ಟನೆ ಇಳಿಯುತ್ತದೆ. ಹೊಸ ವ್ಯವಸ್ಥೆ ಬಂದ ಮೇಲೆ ಯಂತ್ರ ಮಂದವಾಯಿತೆಂಬ ದೂರು ಕೇಳಿದಾಗ ಮೊದಲು ನೋಡಬೇಕಾದುದು ಈ ಬ್ಯಾಟರಿಯ ಸ್ಥಿತಿಯನ್ನು. ನಮ್ಮ ಜಿಲ್ಲಾ ಪಟ್ಟಣಗಳಲ್ಲಿ, ಮಳೆಗಾಲದ ಸಂಜೆ ವಿದ್ಯುತ್ತು ಪದೇ ಪದೇ ಹೋಗಿ ಬರುವ ಕಡೆಗಳಲ್ಲಿ, ಬ್ಯಾಟರಿ ಸತ್ತಿದ್ದರೂ ವೇಗಕ್ಕಾಗಿ ಬಲವಂತದಿಂದ ಹಳೆಯ ರೀತಿಯಲ್ಲಿಯೇ ಓಡಿಸುವ ಅಭ್ಯಾಸವನ್ನು ನಾನು ಖಂಡಿಸುತ್ತೇನೆ.

ಫರ್ಮ್‌ವೇರ್ ಪರಿಷ್ಕರಣೆಯು ಡಿಸ್ಕಿಗೆ ಮಾತ್ರವಲ್ಲ, ಯಂತ್ರವನ್ನು ಎಬ್ಬಿಸುವ ಬಯಾಸಿಗೆ, ಕಂಟ್ರೋಲರಿಗೆ, ನೆಟ್‌ವರ್ಕ್ ಕಾರ್ಡಿಗೆ, ದೂರನಿಯಂತ್ರಣದ ಚಿಪ್ಪಿಗೆ, ಎಲ್ಲಕ್ಕೂ ಆಗಬೇಕಾದುದು. ಇದರ ಕಾಲದ ಬಗ್ಗೆ ನನಗೊಂದು ದೃಢವಾದ ನಿಲುವಿದೆ: ಹೊಸ ವ್ಯವಸ್ಥೆಯನ್ನು ಹೂಡುವ ದಿನವೇ ಫರ್ಮ್‌ವೇರನ್ನೂ ಬದಲಿಸಬಾರದು. ಒಂದು ವಾರ ಮೊದಲೇ ಅದನ್ನು ಮುಗಿಸಿ, ಹಳೆಯ ವ್ಯವಸ್ಥೆಯನ್ನೇ ಅದರ ಮೇಲೆ ನಡೆಸಿ ನೋಡಬೇಕು. ಆಗ ತೊಂದರೆ ಬಂದರೆ ಅದು ಫರ್ಮ್‌ವೇರಿನದು. ವಾರವಿಡೀ ಬಾರದೆ, ಹೂಡಿದ ಮೇಲೆ ಬಂದರೆ ಅದು ಹೊಸ ವ್ಯವಸ್ಥೆಯದು. ಎರಡನ್ನೂ ಒಂದೇ ರಾತ್ರಿ ಬದಲಿಸಿದವನಿಗೆ ಈ ವಿವೇಚನೆಗೆ ಅವಕಾಶವೇ ಉಳಿಯುವುದಿಲ್ಲ. ಕೆಲವು ಯಂತ್ರಗಳಲ್ಲಿ ಬಹು ಹಳೆಯ ಆವೃತ್ತಿಯಿಂದ ಇತ್ತೀಚಿನದಕ್ಕೆ ಒಂದೇ ನೆಗೆತದಲ್ಲಿ ಹಾರಲಾಗದು, ನಡುವಿನ ಮೆಟ್ಟಿಲುಗಳನ್ನು ಏರಿಯೇ ಹೋಗಬೇಕು. ತಯಾರಕರ ಟಿಪ್ಪಣಿಗಳನ್ನು ಓದಿದರೆ ಇದು ತಿಳಿಯುತ್ತದೆ. ಬರೆಯುತ್ತಿರುವಾಗ ವಿದ್ಯುತ್ತು ಹೋದರೆ ಚಿಪ್ಪು ನಿರುಪಯುಕ್ತವಾಗುವ ಭಯವಿರುವುದರಿಂದ ಯುಪಿಎಸ್‌ನ ಬ್ಯಾಟರಿಗಳನ್ನು ಹಿಂದಿನ ದಿನವೇ ಪರೀಕ್ಷಿಸಿರತಕ್ಕದ್ದು. ೨೦೧೪ರ ಫೆಬ್ರವರಿಯಲ್ಲಿ ಎಚ್‌ಪಿ ಸಂಸ್ಥೆ ತನ್ನ ‘ಪ್ರೊಲಯಂಟ್’ ಸರ್ವರುಗಳ ಬಯಾಸ್ ಮೊದಲಾದ ಕೆಲವು ಪರಿಷ್ಕರಣೆಗಳನ್ನು ವಾರಂಟಿಯೋ ಸೇವಾ ಒಪ್ಪಂದವೋ ಉಳ್ಳವರಿಗೆ ಮಾತ್ರ ಕೊಡುವ ನಿಯಮವನ್ನು ತಂದಿತು. ಮಾರಿದ ಯಂತ್ರದೊಳಗೆ ತನ್ನಿಂದಲೇ ಆದ ತಪ್ಪನ್ನು ತಿದ್ದಿಕೊಡುವುದಕ್ಕೆ ಬೆಲೆ ಕೇಳುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಬಡ ಶಾಲೆಗೂ ಚಿಕ್ಕ ಸಹಕಾರ ಸಂಘಕ್ಕೂ ಇದರಿಂದ ಆಗುವ ಹಾನಿ ದೊಡ್ಡದು.

ದೂರನಿಯಂತ್ರಣದ ಚಿಪ್ಪೆಂದೆನಷ್ಟೆ. ಡೆಲ್‌ನಲ್ಲಿ ‘ಐಡ್ರಾಕ್’, ಎಚ್‌ಪಿಯಲ್ಲಿ ‘ಐಲೋ’ ಎಂದು ಕರೆಸಿಕೊಳ್ಳುವ ಇದು ಸರ್ವರಿನೊಳಗಿರುವ ಇನ್ನೊಂದು ಪುಟ್ಟ ಕಂಪ್ಯೂಟರ್. ಮುಖ್ಯ ಯಂತ್ರ ಆರಿದ್ದರೂ ಇದು ಎಚ್ಚತ್ತಿರುತ್ತದೆ, ದೂರದಿಂದಲೇ ಯಂತ್ರವನ್ನು ಹೊತ್ತಿಸಬಲ್ಲುದು, ಆರಿಸಬಲ್ಲುದು, ಪರದೆಯನ್ನು ತೋರಿಸಬಲ್ಲುದು. ಹೊಸ ವ್ಯವಸ್ಥೆ ಹೂಡುವವನಿಗೆ ಇದಕ್ಕಿಂತ ಉಪಕಾರಿ ಬೇರೊಂದಿಲ್ಲ, ಕಡೆಗಣಿಸಿದರೆ ಇದಕ್ಕಿಂತ ಅಪಾಯಕಾರಿಯೂ ಬೇರೊಂದಿಲ್ಲ. ೨೦೧೭ರಲ್ಲಿ ಬೆಳಕಿಗೆ ಬಂದ ‘ಐಲೋ ೪’ರ ದೋಷವೊಂದರಲ್ಲಿ, ದೂರದಿಂದ ಕಳುಹಿಸುವ ಕೋರಿಕೆಯ ಒಂದು ಸ್ಥಾನದಲ್ಲಿ ಇಂಗ್ಲಿಷಿನ ‘ಎ’ ಅಕ್ಷರವನ್ನು ೨೯ ಸಲ ಬರೆದರೆ ಪಾಸ್‌ವರ್ಡಿನ ಹಂಗಿಲ್ಲದೆಯೇ ಒಳಹೋಗಬಹುದಾಗಿತ್ತು. ಆಪರೇಟಿಂಗ್ ಸಿಸ್ಟಮ್ಮನ್ನು ಎಷ್ಟು ಹೊಸದಾಗಿ ಇರಿಸಿಕೊಂಡರೂ ಅದರ ಕೆಳಗೆ ಇಂಥ ಬಾಗಿಲು ತೆರೆದಿದ್ದರೆ ಪ್ರಯೋಜನವಿಲ್ಲ. ಆದ್ದರಿಂದ ಈ ಚಿಪ್ಪಿನ ಫರ್ಮ್‌ವೇರನ್ನು ಮೊಟ್ಟಮೊದಲು ಪರಿಷ್ಕರಿಸಿ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸಿ, ಇದನ್ನು ಸಾರ್ವಜನಿಕ ಇಂಟರ್ನೆಟ್ಟಿಗೆ ಎಟುಕದ ಪ್ರತ್ಯೇಕ ಜಾಲದಲ್ಲಿ ಇರಿಸಬೇಕು; ಅದರ ಮೂಲಕ ಪರದೆ ಕಾಣುತ್ತದೆಯೇ, ಅದಕ್ಕೆ ಬೇಕಾದ ಲೈಸೆನ್ಸ್ ಇದೆಯೇ ಎಂಬುದನ್ನೂ ಮೊದಲೇ ನೋಡಿರಬೇಕು.

ಬಯಾಸಿನ ಹಳೆಯ ಕ್ರಮದಲ್ಲಿ ಯಂತ್ರವನ್ನು ಎಬ್ಬಿಸುವುದೋ, ಯುಇಎಫ್‌ಐ ಎಂಬ ಹೊಸ ಕ್ರಮದಲ್ಲಿಯೋ ಎಂಬುದನ್ನು ಹೂಡುವ ಮೊದಲೇ ನಿರ್ಧರಿಸಬೇಕು, ಏಕೆಂದರೆ ತರುವಾಯ ಬದಲಿಸುವುದು ಪ್ರಯಾಸದ ಕೆಲಸ. ಹಳೆಯ ಕ್ರಮದ ವಿಭಜನಾ ಪಟ್ಟಿಯು ಡಿಸ್ಕಿನ ವಲಯಗಳನ್ನು ೩೨ ಬಿಟ್ಟುಗಳಲ್ಲಿ ಎಣಿಸುವುದಾದ್ದರಿಂದ, ೫೧೨ ಬೈಟುಗಳ ವಲಯದ ಡಿಸ್ಕಿನಲ್ಲಿ ಸುಮಾರು ೨.೨ ಟೆರಾಬೈಟಿಗೆ ಅದರ ದೃಷ್ಟಿ ನಿಲ್ಲುತ್ತದೆ. ಅದರಾಚೆಗಿನ ಸ್ಥಳ ಇದ್ದೂ ಇಲ್ಲದಂತೆ. ಹೊಸದಾಗಿ ಹೂಡುವವರು ಯುಇಎಫ್‌ಐಯನ್ನೇ ಆರಿಸುವುದು ಲೇಸು.

ಮಿಕ್ಕವು ಚಿಕ್ಕ ಸಂಗತಿಗಳು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಿಂದೆ ಬೀಳುತ್ತದೆ, ದಿನಾಂಕ ತಪ್ಪಾದ ಯಂತ್ರವು ಜಾಲದ ಪ್ರಮಾಣಪತ್ರಗಳನ್ನು ನಂಬದೆ ಪ್ಯಾಕೇಜುಗಳನ್ನು ಇಳಿಸಿಕೊಳ್ಳಲು ನಿರಾಕರಿಸುತ್ತದೆ. ನೆಟ್‌ವರ್ಕ್ ಪೋರ್ಟುಗಳ ಹೆಸರು ಬದಲಾಗಬಹುದು. ಡೆಲ್ ಯಂತ್ರಗಳಲ್ಲಿ ಸೆಂಟ್‌ಓಎಸ್ ೭ ‘ಇಎಂ೧’ ಎನ್ನುತ್ತಿದ್ದುದನ್ನು ಹೊಸದು ‘ಇಎನ್‌ಓ೧’ ಎನ್ನುತ್ತದೆ, ಆದುದರಿಂದ ಹೆಸರನ್ನಲ್ಲದೆ ಪ್ರತಿ ಪೋರ್ಟಿನ ಮ್ಯಾಕ್ ವಿಳಾಸವನ್ನೂ ಅದಕ್ಕೆ ಸೇರಿದ ಕೇಬಲನ್ನೂ ಕಾಗದದ ಮೇಲೆ ಬರೆದಿಡಬೇಕು. ಫ್ಯಾನುಗಳ ಧೂಳನ್ನು ಊದಿ ತೆಗೆಯಬೇಕು, ಎರಡು ಪವರ್ ಸಪ್ಲೈಗಳಿದ್ದರೆ ಒಂದೊಂದನ್ನೇ ಕಿತ್ತು ಇನ್ನೊಂದರ ಮೇಲೆ ಯಂತ್ರ ನಿಲ್ಲುವುದೇ ಎಂದು ನೋಡಬೇಕು.

ಇಳಿಸಿಕೊಂಡ ಇನ್‌ಸ್ಟಾಲರಿನ ಪ್ರಾಮಾಣ್ಯವನ್ನು ಪರೀಕ್ಷಿಸುವುದೂ ಸಿದ್ಧತೆಗೆ ಸೇರಿದ್ದೇ. ೨೦೧೬ರ ಫೆಬ್ರವರಿ ೨೦ರಂದು ‘ಲಿನಕ್ಸ್ ಮಿಂಟ್’ನ ಜಾಲತಾಣಕ್ಕೆ ನುಗ್ಗಿದವರು ಕಳ್ಳಬಾಗಿಲಿಟ್ಟ ಪ್ರತಿಯೊಂದರ ಕಡೆಗೆ ಜನರನ್ನು ತಿರುಗಿಸಿದ್ದರು. ಕಡತದ ಮೊಹರಿನಂಥ ಶಾ-೨೫೬ ಸಂಖ್ಯೆಯನ್ನು ಹೋಲಿಸಿ ನೋಡುವುದು ಒಳ್ಳೆಯದೇ ಆದರೂ, ಆ ಸಂಖ್ಯೆಯನ್ನೂ ಅದೇ ತಾಣದಿಂದ ಪಡೆದರೆ ಕಡತವನ್ನು ಬದಲಿಸಬಲ್ಲವನು ಸಂಖ್ಯೆಯನ್ನೂ ಬದಲಿಸಬಲ್ಲನಷ್ಟೆ. ನಿರ್ಮಾತೃಗಳ ಡಿಜಿಟಲ್ ಸಹಿಯನ್ನು ಪರಿಶೀಲಿಸಿದಾಗಲೇ ಪರೀಕ್ಷೆ ಪೂರ್ಣವಾಗುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಹಳೆಯ ಡಿಸ್ಕುಗಳ ಪ್ರಶ್ನೆ. ಅವುಗಳ ಮೇಲೆಯೇ ಹೊಸ ವ್ಯವಸ್ಥೆಯನ್ನು ಬರೆಯುವುದು ಮಿತವ್ಯಯದಂತೆ ಕಂಡರೂ, ಎರಡು ಹೊಸ ಡಿಸ್ಕುಗಳನ್ನು ಕೊಂಡು ಅವುಗಳ ಮೇಲೆ ಹೂಡಿ ಹಳೆಯವನ್ನು ಹಾಗೆಯೇ ಕಾಪಾಡುವುದು ನಿಜವಾದ ಮಿತವ್ಯಯವೆಂದು ನಾನು ತಿಳಿದಿದ್ದೇನೆ. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಯಾವ ಡಿಸ್ಕು ಯಾವ ಮನೆಯಲ್ಲಿತ್ತೆಂಬುದನ್ನು ಅದರ ಮೇಲೆಯೇ ಬರೆದು, ಹೊರತೆಗೆಯಬೇಕು. ದತ್ತಾಂಶದ ಡಿಸ್ಕುಗಳು ಬೇರೆಯಾಗಿದ್ದರೆ ಅವನ್ನೂ ಆ ಹೊತ್ತಿಗೆ ಹೊರಗಿಡಬೇಕು; ಇನ್‌ಸ್ಟಾಲರಿನ ಕಣ್ಣಿಗೆ ಬೀಳದ ಡಿಸ್ಕನ್ನು ಅದು ಅಳಿಸಲಾರದು. ಮರಳಿ ಸಿಕ್ಕಿಸಿದಾಗ ಕಂಟ್ರೋಲರ್ ಅವನ್ನು ಪರಕೀಯವೆಂದು ಗುರುತಿಸಿ, ಅವುಗಳ ವಿನ್ಯಾಸವನ್ನು ಆಮದು ಮಾಡಿಕೊಳ್ಳಲೇ ಅಥವಾ ಅಳಿಸಲೇ ಎಂದು ಕೇಳುತ್ತದೆ. ನಿದ್ರೆಗಣ್ಣಿನಲ್ಲಿ ಅಳಿಸೆಂದು ಒತ್ತಿದವನ ದುಃಖ ಹೇಳತೀರದು, ಆದ್ದರಿಂದ ಉತ್ತರವನ್ನು ಮೊದಲೇ ದಪ್ಪಕ್ಷರದಲ್ಲಿ ಬರೆದು ಕಪಾಟಿಗೆ ಅಂಟಿಸಿರಬೇಕು.

ಅದೇ ಕಾಗದದಲ್ಲಿ ಇನ್ನೊಂದು ವಿಷಯವನ್ನೂ ಬರೆಯಬೇಕು: ಹಿಂದಿರುಗುವ ವೇಳೆ. ಶನಿವಾರ ರಾತ್ರಿ ಕೈಹಾಕಿದ ಕೆಲಸವು ಭಾನುವಾರ ಮಧ್ಯಾಹ್ನ ಇಷ್ಟು ಗಂಟೆಯೊಳಗೆ ಇಂಥ ಹಂತವನ್ನು ಮುಟ್ಟದಿದ್ದರೆ, ಇನ್ನೇನು ಆಗಿಬಿಡುತ್ತದೆಂಬ ಆಸೆಯನ್ನು ಬಿಟ್ಟು, ಹಳೆಯ ಡಿಸ್ಕುಗಳನ್ನು ಅವುಗಳ ಮನೆಗಳಿಗೆ ಸೇರಿಸಿ ಹಳೆಯ ವ್ಯವಸ್ಥೆಯನ್ನೇ ಎಬ್ಬಿಸತಕ್ಕದ್ದೆಂದೂ, ಆ ತೀರ್ಮಾನವನ್ನು ಕೈಗೊಳ್ಳುವವರು ಇಂಥವರೆಂದೂ ಅದರಲ್ಲಿ ಸ್ಪಷ್ಟವಾಗಿರಬೇಕು; ಆ ವ್ಯಕ್ತಿ ಕೀಲಿಮಣೆಯ ಮುಂದೆ ರಾತ್ರಿಯಿಡೀ ಎಚ್ಚತ್ತು ಕುಳಿತವನಲ್ಲದೆ ಬೇರೊಬ್ಬರಾಗಿರುವುದು ಉತ್ತಮ.